ವಕೀಲರಿಲ್ಲದೆ ಚೆಕ್ ಕೇಸು ನಡೆಸಿದೆ, ದುಡ್ಡೂ ಬಂತು

ದಾವಣಗೆರೆಯಲ್ಲಿ ನನ್ನದು ಬೋರ್ ಮೋಟಾರು, ಪೈಪು, ಸ್ಟಾರ್ಟರು ಮಾರುವ ಅಂಗಡಿ. ಉದ್ರಿ ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಉದ್ರಿ ಕೊಟ್ಟ ಮೇಲೆ ಚೆಕ್ ವಾಪಸ್ ಬರುವುದೂ ತಪ್ಪುವುದಿಲ್ಲ. ಅಂಗಡಿ ಇಟ್ಟವರಿಗೆ 138 ಅಂದರೆ ಏನು ಅಂತ ನಾನು ಹೇಳಬೇಕಿಲ್ಲ, ಅಲ್ವಾ? ಬೇರೆಯವರಿಗೆ ಹೇಳುವುದಾದರೆ, ಚೆಕ್ ಬೌನ್ಸ್ ಆದಾಗ ಕ್ರಿಮಿನಲ್ ಕೇಸು ಹಾಕುವ ಕಲಂ ಅದು. 2,35,000 ರೂಪಾಯಿಯ ಚೆಕ್ ಕೇಸನ್ನು ದೂರಿನಿಂದ ಅಪೀಲಿನವರೆಗೆ ನಾನೇ ನಡೆಸಿದೆ. "ಕರಿ ಕೋಟಿಲ್ಲದೆ ಬಾಯಿ ತೆರೆದರೆ ಆಚೆ ಕಳಿಸ್ತಾರೆ ಸಾವ್ಕಾರ್ರೆ" ಅಂದವರೆಲ್ಲ ಈಗ ತಮ್ಮ ಚೆಕ್ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳುತ್ತೇನೆ. 2021ರಲ್ಲಿ ಸುಮಾರು 62,000ದ ಇನ್ನೊಂದು ಚೆಕ್ ಇತ್ತು. ಅದನ್ನೂ ನಾನೇ ಹಾಕಿದ್ದೆ. ದಾಖಲೆ ಗಟ್ಟಿ ಇತ್ತು. ಎದುರಿನವನು ಬಂದು ಜಾಮೀನು ತೆಗೆದುಕೊಂಡಿದ್ದ. ಒಂದು ವಾಯಿದೆ ದಿನ ಜಗಳೂರು ಕಡೆ ತೋಟವೊಂದಕ್ಕೆ ಮೋಟಾರು ಇಳಿಸಬೇಕಿತ್ತು. ಮಧ್ಯಾಹ್ನದೊಳಗೆ ಬಂದರಾಯಿತು ಅಂದುಕೊಂಡು ಹೋದೆ. ಕೇಬಲ್ ಸಿಕ್ಕಿಕೊಂಡಿತು. ಕೋರ್ಟಿಗೆ ಬಂದಾಗ ಎರಡೂವರೆ. ಅಷ್ಟರಲ್ಲಿ ಎರಡು ಸಲ ಕೂಗಿಸಿ, ದೂರುದಾರ ಗೈರು ಅಂತ ಆರೋಪಿಯನ್ನು ಖುಲಾಸೆ ಮಾಡಿದ್ದರು. ಆಗ ಅದು ಹಳೆಯ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಸಿಆರ್‌ಪಿಸಿಯ ಕಲಂ 256, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಕಲಂ 279. ಹೋದರೆ ಹೋಯಿತು, ಮತ್ತೊಂದು ದೂರು ಹಾಕೋಣ ಅಂದುಕೊಂಡಿದ್ದೆ. ಆಗುವುದಿಲ್ಲ. ಖುಲಾಸೆ ಅಂದರೆ ಖುಲಾಸೆ. ಅಪೀಲಿಗೆ ಹೈಕೋರ್ಟಿಗೆ ಹೋಗಬೇಕಿತ್ತು. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುವುದಿಲ್ಲ, ಬೆಂಗಳೂರೇ. ಬಿಟ್ಟೆ. ವಕೀಲರಿದ್ದಿದ್ದರೆ ಆ ದಿನ ಒಂದು ವಿನಾಯಿತಿ ಅರ್ಜಿ ಹಾಕಿ ಕೇಸು ಉಳಿಸುತ್ತಿದ್ದರು. ಅದು ಸತ್ಯ. ಮನೆಯಲ್ಲಿ ಒಂದು ವಾರ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎರಡನೆಯ ಚೆಕ್, ಅಂದರೆ ಆ 2,35,000ದ್ದು, ಒಬ್ಬ ಬೋರ್‌ವೆಲ್ ಗುತ್ತಿಗೆದಾರನದು. ಆರೇಳು ಮೋಟಾರು, ಪೈಪು, ಕೇಬಲ್ ಎಲ್ಲ ಉದ್ರಿಯಲ್ಲಿ ಹೋಗಿತ್ತು. 2023ರ ಜನವರಿಯ ತಾರೀಖಿನ ಚೆಕ್. ಮೊದಲ ಸಲ ವಾಪಸ್ ಬಂದಾಗ ಅವನು ಅಂಗಡಿಗೇ ಬಂದು, "ಮೆಕ್ಕೆಜೋಳದ ದುಡ್ಡು ಬರಲಿ ಅಣ್ಣ, ಹತ್ತು ದಿನ ತಡಿ" ಅಂದ. ತಡೆದೆ. ಎಣಿಸಿ ನೋಡಿದಾಗ, ಚೆಕ್ ವಾಪಸ್ ಅಂತ ಬ್ಯಾಂಕು ಕೊಡುವ ಮೆಮೊ ಬಂದು 36 ದಿನ ಆಗಿತ್ತು. ದುಡ್ಡು ಕಟ್ಟು ಅಂತ ಚೆಕ್ ಕೊಟ್ಟವನಿಗೆ ನೋಟಿಸು ಕಳಿಸಲು ಇರುವುದು 30 ದಿನ. ಪರಿಚಯದ ವಕೀಲರೊಬ್ಬರು ಕಾಗದ ನೋಡಿ, ಇದು ಮುಗಿದ ಕಥೆ, ಸಿವಿಲ್ ದಾವೆ ಹಾಕೋಣ ಅಂದರು. ಫೀಸು 30,000, ಜೊತೆಗೆ ಪ್ರತಿ ವಾಯಿದೆಗೆ ಬೇರೆ.

ನಾನು ರಾತ್ರಿಯೆಲ್ಲ ಕೂತು ತೀರ್ಪು ಹುಡುಕಿದೆ. ಎಂಎಸ್‌ಆರ್ ಲೆದರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು 2012ರಲ್ಲಿ ಹೇಳಿದ್ದಾರೆ: ಮೊದಲ ಬೌನ್ಸಿಗೆ ಕೇಸು ಹಾಕದಿದ್ದರೂ, ಅವಧಿಯೊಳಗೆ ಚೆಕ್ಕನ್ನು ಮತ್ತೆ ಹಾಕಿ ಅದು ಮತ್ತೆ ಬೌನ್ಸ್ ಆದರೆ ಹೊಸದಾಗಿ ಕೇಸು ಹಾಕಬಹುದು. ಚೆಕ್ಕಿಗೆ ಮೂರು ತಿಂಗಳು ಜೀವ ಇರುತ್ತದೆ. ನನ್ನ ಚೆಕ್ಕಿಗೆ ಇನ್ನೂ ಎರಡು ವಾರದ ಮೇಲಿತ್ತು. ಮಾರ್ಚ್ ಕೊನೆಯಲ್ಲಿ ಮತ್ತೆ ಹಾಕಿದೆ. ಬೌನ್ಸ್. ಒಂಬತ್ತನೇ ದಿನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಹೋಯಿತು.

ಈ ಮಧ್ಯೆ ಅವನು 20,000 ಫೋನ್‌ಪೇ ಮಾಡುತ್ತೇನೆ ಅಂದಿದ್ದ. ಬೇಡ, ಬಾಕಿ ಎಷ್ಟೋ ಅಷ್ಟಕ್ಕೆ ಹೊಸ ಚೆಕ್ ಕೊಟ್ಟು ಆಮೇಲೆ ಕಳಿಸು ಅಂದೆ. ಬಂದ ದುಡ್ಡು ಬೇಡ ಅನ್ನುವ ಹುಚ್ಚ ಯಾರು ಅಂತ ಎಲ್ಲರೂ ಬೈದರು. ಭಾಗಶಃ ದುಡ್ಡು ತೆಗೆದುಕೊಂಡು, ಅದನ್ನು ಚೆಕ್ಕಿನ ಮೇಲೆ ಬರೆಯದೆ ಪೂರ್ತಿ ಮೊತ್ತಕ್ಕೇ ಚೆಕ್ ಹಾಕಿದರೆ 138 ನಿಲ್ಲುವುದಿಲ್ಲ. 2022ರ ದಶರಥಭಾಯಿ ತೀರ್ಪು ಅದೇ. ಇದು ನನಗೆ ಗೊತ್ತಿತ್ತು. ನನ್ನ ಪರಿಚಯದ ಇಬ್ಬರು ವ್ಯಾಪಾರಿಗಳಿಗೆ ಗೊತ್ತಿರಲಿಲ್ಲ, ಅವರು ಅಲ್ಲೇ ಸೋತರು. ನೋಟಿಸಿನಲ್ಲೂ ಚೆಕ್ಕಿನ ಮೊತ್ತವನ್ನು ಪೈಸೆ ಬಿಡದೆ ಬರೆಯಿರಿ. ಬಡ್ಡಿ ಕೇಳುವುದಾದರೆ ಬೇರೆ ಸಾಲಿನಲ್ಲಿ ಕೇಳಿ.

ದೂರನ್ನು ನುಡಿ ತಂತ್ರಾಂಶದಲ್ಲಿ ನಾನೇ ಕನ್ನಡದಲ್ಲಿ ಟೈಪ್ ಮಾಡಿದೆ. ಕಚೇರಿಯವರು ಮೂರು ಸಲ ತಕರಾರು ಹಾಕಿ ವಾಪಸ್ ಕೊಟ್ಟರು. ಒಮ್ಮೆ ಪುಟ ಸಂಖ್ಯೆ ಇರಲಿಲ್ಲ, ಒಮ್ಮೆ ಮೆಮೊ ತಾರೀಖು ತಪ್ಪಿತ್ತು, ಇನ್ನೊಮ್ಮೆ ಪಟ್ಟಿಯಲ್ಲಿ ಪೋಸ್ಟಲ್ ರಸೀದಿ ಬಿಟ್ಟಿದ್ದೆ. ತಿದ್ದಿದೆ. ಮೊದಲು ಖಾಸಗಿ ದೂರಿನ ನಂಬರ್ (ಪಿಸಿಆರ್) ಬಿತ್ತು, ಆಮೇಲೆ ಕ್ರಿಮಿನಲ್ ಕೇಸಿನ ನಂಬರ್ (ಸಿಸಿ). ಸಮನ್ಸ್ ಎರಡು ಸಲ "ಮನೆಯಲ್ಲಿಲ್ಲ" ಅಂತ ವಾಪಸ್ ಬಂತು. ಮೂರನೇ ಸಲ ಜಾರಿಯಾಯಿತು. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಕಾನೂನು ಬಿಟ್ಟು ಏನೂ ಮಾಡಿಲ್ಲ, ಆದರೆ ಆ ಉಪಾಯ ಎಲ್ಲರಿಗೂ ಗೊತ್ತಾದರೆ ಮುಂದೆ ನನಗೇ ಕೆಲಸಕ್ಕೆ ಬರುವುದಿಲ್ಲ.

ನನಗೆ ನಿಜವಾದ ಭಯ ಇದ್ದದ್ದು ಪಾಟೀ ಸವಾಲಿನದು. ವಾಯಿದೆ ಇಲ್ಲದ ದಿನವೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹತ್ತು ಹನ್ನೆರಡು ದಿನ ಬರೀ ಕೇಳಿದೆ. ರಾತ್ರಿ ಅಂಗಡಿ ಬಾಗಿಲು ಎಳೆದು, ಭಾವಮೈದನನ್ನು ಎದುರು ಪಕ್ಷದ ವಕೀಲ ಮಾಡಿ ಪ್ರಶ್ನೆ ಕೇಳಿಸಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮೊದಲ ರಾತ್ರಿ ಒಂದು ಪ್ರಶ್ನೆಗೆ ನಾಲ್ಕು ನಿಮಿಷ ಉತ್ತರ ಕೊಟ್ಟಿದ್ದೆ. ಕೇಳಿಸಿಕೊಂಡಾಗ ನನಗೇ ಗೊತ್ತಾಯಿತು, ಬಾಯಿ ಬಿಟ್ಟಷ್ಟೂ ನಷ್ಟ. ಕೋರ್ಟಿನಲ್ಲಿ ಕೊನೆಗೆ ಟೈಪ್ ಆಗುವುದು "ಎಂದರೆ ಸರಿ", "ಎಂದರೆ ಸರಿಯಲ್ಲ" ಇಷ್ಟೇ. ಅಷ್ಟರಲ್ಲೇ ನಿಲ್ಲುವುದನ್ನು ಕಲಿಯಲು ಎರಡು ವಾರ ಬೇಕಾಯಿತು.

ಆದರೂ ಕಟಕಟೆಯಲ್ಲಿ ಎಡವಿದೆ. "ಚೆಕ್ಕಿನ ಮೇಲಿನ ಬರಹ ನಿಮ್ಮದು ಎಂದರೆ?" ಸರಿ ಅಂದೆ. ಸಹಿ ಅವನದು, ಮೊತ್ತ ತುಂಬಿದ್ದು ನಾನು. ಅವನ ಎದುರೇ, ಅವನು ಹೇಳಿದ್ದಕ್ಕೇ ತುಂಬಿದ್ದೆ. ಹಾಲ್‌ನಲ್ಲಿದ್ದವರ ಮುಖ ನೋಡಿಯೇ ಕೇಸು ಹೋಯಿತು ಅನ್ನಿಸಿತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಕೈಹಿಡಿದದ್ದು 2019ರ ಬೀರ್ ಸಿಂಗ್ ತೀರ್ಪು: ತಾನಾಗಿ ಸಹಿ ಹಾಕಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ ಕೊಟ್ಟವನ ಹೊಣೆ ತಪ್ಪುವುದಿಲ್ಲ. ಅದರ ಜೊತೆಗೆ 2010ರ ರಂಗಪ್ಪ ವಿರುದ್ಧ ಶ್ರೀಮೋಹನ್. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಸಹಿ ಒಪ್ಪಿದ ಮೇಲೆ ಸಾಲ ಇತ್ತು ಅನ್ನುವುದನ್ನೂ ಕೋರ್ಟು ಮೊದಲು ಒಪ್ಪಿಕೊಂಡೇ ನೋಡುತ್ತದೆ, ಅಲ್ಲವೆಂದು ತೋರಿಸುವುದು ಆರೋಪಿಯ ಕೆಲಸ. ಎರಡನ್ನೂ ಕೊನೆಯ ವಾದಕ್ಕೆ ಜೋಡಿಸಿದೆ.

ಇನ್ನೊಂದು ತಪ್ಪು ಲೆಕ್ಕದ್ದು. ಕಂಪ್ಯೂಟರಿನ ಲೆಡ್ಜರ್ ಪ್ರಿಂಟನ್ನು ಸುಮ್ನೆ ಹಾಕಿದ್ದೆ. ಕಂಪ್ಯೂಟರ್ ದಾಖಲೆಗೆ ಸಾಕ್ಷ್ಯ ಕಾನೂನು ಕೇಳುವ 65ಬಿ ಪ್ರಮಾಣಪತ್ರ ಎಲ್ಲಿ ಅಂತ ತಕರಾರು ಬಂತು. ಅದನ್ನು ಬರೆದು ಮತ್ತೆ ಹಾಕುವುದಕ್ಕೆ ಎರಡು ವಾಯಿದೆ ಹೋಯಿತು. ಈಗ ಅದು ಹೊಸ ಸಾಕ್ಷ್ಯ ಕಾನೂನಿನ 63ರಲ್ಲಿದೆ. ವಾಟ್ಸಾಪ್ ಮೆಸೇಜಿಗೂ ಬೇಕು.

ಅವನಿಗೆ ಪಾಟೀ ಸವಾಲು ಮಾಡುವ ಸರದಿ ಬಂದಾಗ ನಾನು ಕೇಳಿದ್ದು ಏಳೇ ಪ್ರಶ್ನೆ. ಖಾಲಿ ಚೆಕ್ ದುರ್ಬಳಕೆ ಆಗಿದೆ ಅಂತ ಪೊಲೀಸರಿಗೆ ದೂರು ಕೊಟ್ಟಿದ್ದೀರಾ? ಇಲ್ಲ. ಬ್ಯಾಂಕಿಗೆ ಸ್ಟಾಪ್ ಪೇಮೆಂಟ್? ಇಲ್ಲ. ನನ್ನ ನೋಟಿಸಿಗೆ ಉತ್ತರ? ಇಲ್ಲ. ಆಮೇಲೆ ಮೋಟಾರಿಗೆ ಬಂದೆ. ಮಾಲೇ ತಂದಿಲ್ಲ ಅಂತ ಅವನ ವಾದ. ಆದರೆ ಸುಟ್ಟ ಎರಡು ಮೋಟಾರನ್ನು ವಾರಂಟಿಗೆ ಅವನೇ ತಂದು ಕೊಟ್ಟು, ನನ್ನ ವಾರಂಟಿ ಪುಸ್ತಕದಲ್ಲಿ ಸಹಿ ಹಾಕಿದ್ದ. ಸೀರಿಯಲ್ ನಂಬರ್ ನನ್ನ ಬಿಲ್ಲಿನ ನಂಬರಿಗೆ ತಾಳೆಯಾಗುತ್ತಿತ್ತು. "ಈ ಸಹಿ ನಿಮ್ಮದು ಎಂದರೆ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ" ಅಂದ. ಎಂಥ ದೊಡ್ಡ ವಕೀಲರಿಗೂ ಆ ಪುಸ್ತಕ ಹೊಳೆಯುತ್ತಿರಲಿಲ್ಲ. ಮೋಟಾರು ಮಾರಿದವನಿಗೇ ಗೊತ್ತು ಅದು ಎಲ್ಲಿರುತ್ತದೆ ಅಂತ. ಏಳನೇ ಪ್ರಶ್ನೆ ಏನಿತ್ತು ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕೇಸು ನಡೆಯುತ್ತಿರುವಾಗಲೇ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎಂಟರಿಂದ ಇಪ್ಪತ್ತು ಸಾವಿರದ ಚಿಲ್ಲರೆ ಬಾಕಿ ಐದು ಜನರದು ಇತ್ತು. ಕೇಸು ಹಾಕದೆ, ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿಗೆ ಕರೆಸಿದೆ. ಇಬ್ಬರು ಬಂದರು, 21,000ದಷ್ಟು ಬಂತು. ಮೂವರು ತಲೆ ಹಾಕಲಿಲ್ಲ. ಕೋರ್ಟ್ ಶುಲ್ಕ ಇಲ್ಲ, ಅಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬೆಲೆ ಇದೆ. ಸಣ್ಣ ಮೊತ್ತಕ್ಕೆ ಇದನ್ನೇ ಮೊದಲು ನೋಡಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಆರೋಪಿ ತಪ್ಪೊಪ್ಪಿಕೊಳ್ಳದ ಮೇಲೆ 138 ಇರುವ ಅದೇ ಕಾನೂನಿನ 143ಎ ಅಡಿ ಮಧ್ಯಂತರ ಪರಿಹಾರ ಕೇಳಿದೆ. ಶೇಕಡಾ 20ರವರೆಗೆ ಕೊಡಿಸಬಹುದು, ನನಗೆ ಶೇಕಡಾ 10 ಸಿಕ್ಕಿತು, 23,500. 2024ರ ನವೆಂಬರಿನಲ್ಲಿ ತೀರ್ಪು ಬಂತು. 2,75,000 ದಂಡ, ಅದರಲ್ಲಿ 2,70,000 ನನಗೆ ಪರಿಹಾರ, ಕಟ್ಟದಿದ್ದರೆ ಆರು ತಿಂಗಳು ಜೈಲು. ಅವನು ಸೆಷನ್ಸ್ ಕೋರ್ಟಿಗೆ ಅಪೀಲು ಹೋದ. ಅಲ್ಲೂ ನಾನೇ ನಿಂತೆ. ಶೇಕಡಾ 20 ಠೇವಣಿ ಕಟ್ಟಲು ಆದೇಶವಾದ ಮೇಲೆ ರಾಜಿಗೆ ಬಂದ. ಮೊದಲಿನ 23,500 ಸೇರಿ ಒಟ್ಟು 2,60,000ಕ್ಕೆ ಮುಗಿಸಿದೆವು. ಅಪೀಲಿನ ಹಂತದಲ್ಲಿ ರಾಜಿಯಾದ್ದರಿಂದ ಸುಪ್ರೀಂ ಕೋರ್ಟಿನ ದಾಮೋದರ್ ಪ್ರಭು ತೀರ್ಪಿನಂತೆ ಆಗ ಇದ್ದ ಲೆಕ್ಕದ ಪ್ರಕಾರ ಚೆಕ್ ಮೊತ್ತದ ಶೇಕಡಾ 15, ಅಂದರೆ 35 ಸಾವಿರ ಚಿಲ್ಲರೆಯನ್ನು ಅವನು ಬೇರೆಯಾಗಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಬೇಕಾಯಿತು.

ನನ್ನ ಖರ್ಚು ಪೋಸ್ಟು, ಜೆರಾಕ್ಸು, ನಕಲು, ಸಮನ್ಸ್ ಶುಲ್ಕ ಎಲ್ಲ ಸೇರಿ ಏಳು ಸಾವಿರದ ಆಸುಪಾಸು. ವಾಯಿದೆ ಮೂವತ್ತಕ್ಕಿಂತ ಜಾಸ್ತಿ. ಅಷ್ಟೂ ದಿನ ಬೆಳಿಗ್ಗೆ ಅಂಗಡಿ ನೋಡಿಕೊಂಡದ್ದು ನನ್ನ ಹೆಂಡತಿ. ಅವಳಿಗೆ ಸ್ಟಾರ್ಟರ್ ಬೆಲೆ, ಪೈಪಿನ ಇಂಚು ಎಲ್ಲ ಈಗ ಬಾಯಿಪಾಠ. ಈ ಕೇಸಿನ ಒಂದು ವಾಯಿದೆಯನ್ನೂ ನಾನು ತಪ್ಪಿಸಲಿಲ್ಲ. ಒಮ್ಮೆ ಜ್ವರ 102 ಇದ್ದಾಗಲೂ ಹೋಗಿ ಬಾಗಿಲ ಹತ್ತಿರ ಕೂತಿದ್ದೆ.

ಹೋದ ವಾರ ಇನ್ನೊಂದು ಚೆಕ್ ವಾಪಸ್ ಬಂದಿದೆ, 48,000ದ್ದು. ಮೆಮೊ ಬಂದ ತಾರೀಖನ್ನು ಗಲ್ಲಾದ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಇವತ್ತಿಗೆ ಆರನೇ ದಿನ. ನೋಟಿಸು ಟೈಪ್ ಆಗಿದೆ, ನಾಳೆ ಪೋಸ್ಟಿಗೆ ಹೋಗುತ್ತದೆ.