ಮೂಗಿನ ಮೇಲೆ ಕುರು ಎದ್ದಿದೆಯೇ? ಹಿಂಡಬೇಡಿ, ಹೀಗೆ ಮಾಡಿ

ಮದುವೆಗೆ ಹೊರಡುವ ದಿನವೇ ಮೂಗಿನ ತುದಿಯಲ್ಲಿ ಕೀವುಗುಳ್ಳೆ ಏಳುತ್ತದೆ. ಕನ್ನಡಿ ಮುಂದೆ ನಿಂತು ಉಗುರಲ್ಲಿ ಹಿಂಡುವ ಚಟ ಯಾರಿಗಿಲ್ಲ? ನನಗೂ ಇತ್ತು. ಬಹಳ ಸಲ ಏನೂ ಆಗುವುದಿಲ್ಲ. ತೀರಾ ಅಪರೂಪಕ್ಕೆ ಮಾತ್ರ ಸೋಂಕು ಒಳಕ್ಕಿಳಿದು, ಕಣ್ಣುಗಳ ಹಿಂದೆ ಮಿದುಳಿನ ಬುಡದಲ್ಲಿರುವ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಗೂಡಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಗ ಜೀವಕ್ಕೇ ಅಪಾಯ.

ಮೊದಲು ಜಾಗ ಗುರುತಿಸಿಕೊಳ್ಳಿ. ಎರಡು ಕಣ್ಣುಗಳ ನಡುವೆ ಒಂದು ಬೆರಳು, ಬಾಯಿಯ ಎರಡು ಮೂಲೆಗಳಲ್ಲಿ ಇನ್ನೆರಡು ಬೆರಳಿಡಿ. ಇದೇ ‘ಅಪಾಯದ ತ್ರಿಕೋನ’. ಇಲ್ಲಿನ ರಕ್ತನಾಳಗಳು ಕಣ್ಣಿನ ಗೂಡಿನ ಮೂಲಕ ಆ ಸೈನಸ್‌ಗೆ ದಾರಿ ಮಾಡಿಕೊಡುತ್ತವೆ. ಅವುಗಳಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿಯಬಲ್ಲದು. ಹಾಗಾಗಿ ಇಲ್ಲಿ ಹಿಂಡುವುದು, ಮೂಗಿನ ಕೂದಲು ಕೀಳುವುದು ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಶಾಖ ಕೊಡಿ. ಊತ ಹರಡಿದರೆ ವೈದ್ಯರಿಗೆ ತೋರಿಸಿ.

ಎಲ್ಲ ತಪ್ಪೂ ಮೊಡವೆಯದಲ್ಲ. ಈಗ ಹೀಗೆ ರಕ್ತ ಹೆಪ್ಪುಗಟ್ಟುವ ಹೆಚ್ಚಿನ ಪ್ರಕರಣಗಳು ಶುರುವಾಗುವುದು ಮೂಗಿನ ಹಿಂದಿನ ಗಾಳಿ ತುಂಬಿದ ಟೊಳ್ಳುಗಳ (ಇವಕ್ಕೂ ಸೈನಸ್ ಎಂದೇ ಹೆಸರು) ಸೋಂಕಿನಿಂದ. ಮೇಲ್ದವಡೆಯ ಹುಳುಕು ಹಲ್ಲಿನ ಕೀವೂ ಕಾರಣವಾಗಬಹುದು. ಲವಂಗ ಇಟ್ಟು ತಿಂಗಳುಗಟ್ಟಲೆ ದೂಡುತ್ತೀವಲ್ಲ, ಅದೇ ಹಲ್ಲು!

ಮುಂದೆ ನಿಮ್ಮ ದೇಹದ ಲೆಕ್ಕ ನೋಡಿ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೆಚ್ಚು ದಿನದ ಸ್ಟೀರಾಯ್ಡ್, ಕ್ಯಾನ್ಸರ್ ಚಿಕಿತ್ಸೆ ಇವೆಲ್ಲ ಸೋಂಕನ್ನು ತಡೆಯುವ ಶಕ್ತಿ ಕುಗ್ಗಿಸುತ್ತವೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ರಾಜ್ಯವೂ ಕಂಡ ಬ್ಲ್ಯಾಕ್ ಫಂಗಸ್ ನೆನಪಿದೆ ಅಲ್ವಾ? ಸಕ್ಕರೆ ಏರಿದವರಲ್ಲಿ, ಸ್ಟೀರಾಯ್ಡ್ ಪಡೆದವರಲ್ಲಿ ಅದು ಜಾಸ್ತಿ ಕಾಣಿಸಿಕೊಂಡಿತು. ಆ ಶಿಲೀಂಧ್ರವೂ ಮೂಗಿನಿಂದ ಕಣ್ಣಿಗೆ, ಅಲ್ಲಿಂದ ಈ ರಕ್ತದ ಗೂಡಿಗೆ ನುಗ್ಗಬಲ್ಲದು. ರಕ್ತ ಬೇಗ ಹೆಪ್ಪುಗಟ್ಟುವ ವಂಶವಾಹಿ ದೋಷ, ಗರ್ಭಿಣಿ ಮತ್ತು ಬಾಣಂತಿ ದಿನಗಳು, ಗರ್ಭನಿರೋಧಕ ಮಾತ್ರೆ ಕೂಡ ಲೆಕ್ಕಕ್ಕೆ ಬರುತ್ತವೆ.

ಇನ್ನು ಎಚ್ಚರಿಕೆಯ ಲಕ್ಷಣಗಳು. ಕಣ್ಣಿನ ಹಿಂದೆ ಅಥವಾ ಹಣೆಯಲ್ಲಿ ದಿನೇದಿನೇ ಏರುವ ನೋವು, ಜ್ವರ, ರೆಪ್ಪೆಯ ಊತ, ಮುಂದಕ್ಕೆ ಉಬ್ಬಿದ ಕಣ್ಣು. ವಸ್ತುಗಳು ಎರಡೆರಡಾಗಿ ಕಾಣುವುದು, ಕಣ್ಣನ್ನು ಹೊರಬದಿಗೆ ತಿರುಗಿಸಲು ಆಗದಿರುವುದು ಮುಖ್ಯ ಸುಳಿವು. ಆ ಚಲನೆಯ ನರ ಈ ರಕ್ತದ ಗೂಡಿನ ನಡುವೆಯೇ ಹಾದುಹೋಗುತ್ತದೆ. ಒಂದು ಕಣ್ಣಿನ ತೊಂದರೆ ಒಂದೆರಡು ದಿನದಲ್ಲಿ ಇನ್ನೊಂದಕ್ಕೂ ದಾಟಬಹುದು.

ಇಂಥದ್ದು ಕಂಡರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ಆ್ಯಂಟಿಬಯಾಟಿಕ್ ಬರುವ ಮೊದಲು ಈ ಕಾಯಿಲೆ ಬಂದವರು ಬದುಕುತ್ತಿದ್ದದ್ದೇ ಅಪರೂಪ. ಈಗ ಹೆಚ್ಚಿನವರು ಉಳಿಯುತ್ತಾರೆ, ಬೇಗ ಔಷಧಿ ರಕ್ತನಾಳಕ್ಕೆ ಇಳಿದರೆ. ವೈದ್ಯರು ಕೇಳುವ ಮೊದಲೇ ಹೇಳಿಬಿಡಿ: ಸಕ್ಕರೆ ಎಷ್ಟಿದೆ, ಯಾವ ಮಾತ್ರೆ ನಡೆಯುತ್ತಿದೆ, ಯಾವ ಹಲ್ಲು ನೋಯುತ್ತಿತ್ತು. ಗುಳ್ಳೆ ಹಿಂಡಿದ್ದರೆ ಅದನ್ನೂ, ನಾಚಿಕೊಳ್ಳದೆ.