ಫ್ಲೈಟ್‌ಗೆ ಹೋಗದಿದ್ರೂ ಟಿಕೆಟ್ ದುಡ್ಡು ಪೂರ್ತಿ ಮುಳುಗುದಿಲ್ಲ: ನನ್ನ ಅನುಭವ

ಉಡುಪಿಯಲ್ಲಿ ಟಿಕೆಟ್ ಬುಕಿಂಗ್ ಆಫೀಸು ನಡೆಸುವವ ನಾನು, ಮುಂಬೈ, ಬೆಂಗಳೂರು, ಗಲ್ಫ್ ಟಿಕೆಟ್ಟೇ ಜಾಸ್ತಿ. ಫ್ಲೈಟ್ ತಪ್ಪಿದವರು ಅಥವಾ ಮನೆಯಲ್ಲಿ ಏನೋ ಆಗಿ ಹೊರಡ್ಲಿಕ್ಕೇ ಆಗದವರು "ನಾನ್ ರಿಫಂಡೆಬಲ್ ಅಲ್ವಾ, ಹೋಯ್ತು ಬಿಡಿ" ಅಂತ ಸುಮ್ಮನಾಗುದನ್ನು ನೋಡಿದ್ರೆ ನನಗೆ ಹೊಟ್ಟೆ ಉರೀತದೆ. ಹೋಗುದು ಬೇಸ್ ಫೇರ್, ಅಂದ್ರೆ ತೆರಿಗೆ ಫೀ ಸೇರಿಸದ ಮೂಲ ಟಿಕೆಟ್ ದರ, ಮತ್ತೆ ಫ್ಯೂಯಲ್ ಚಾರ್ಜ್. ಏರ್‌ಪೋರ್ಟ್ ಹೆಸರಲ್ಲಿ ತಗೊಂಡ ದುಡ್ಡು ನಿಮ್ಮದೇ, ಕೇಳಿ ತಗೊಳ್ಬೇಕು ಅಷ್ಟೆ.

ಯಾಕೆ ಅಂತ ಹೇಳ್ತೇನೆ. ಟಿಕೆಟ್‌ನಲ್ಲಿ ಯೂಸರ್ ಡೆವಲಪ್‌ಮೆಂಟ್ ಫೀ ಅಂತ ಒಂದು ಉಂಟು, ಯುಡಿಎಫ್, ಅದು ಏರ್‌ಪೋರ್ಟ್ ನಡೆಸುವವರಿಗೆ ಹೋಗುದು. ಇನ್ನೊಂದು ಏವಿಯೇಷನ್ ಸೆಕ್ಯೂರಿಟಿ ಫೀ, ಡೊಮೆಸ್ಟಿಕ್‌ನಲ್ಲಿ 2021ರಿಂದ ತಲೆಗೆ 200 ರೂಪಾಯಿ. ಇವೆರಡನ್ನೂ ಏರ್‌ಲೈನ್ ನಮ್ಮಿಂದ ವಸೂಲಿ ಮಾಡಿ ಮುಂದೆ ದಾಟಿಸುದು ವಿಮಾನ ಹತ್ತಿದವರ ಲೆಕ್ಕದಲ್ಲಿ. ನೀವು ಹತ್ತಲೇ ಇಲ್ಲ ಅಂದ್ರೆ ದಾಟಿಸ್ಲಿಕ್ಕೆ ಇಲ್ಲ, ಮತ್ತೆ ಅದನ್ನು ಏರ್‌ಲೈನ್ ಯಾವ ನ್ಯಾಯದಲ್ಲಿ ಇಟ್ಕೊಳ್ಳುದು? ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ರಿಫಂಡ್ ನಿಯಮದಲ್ಲಿ ಇದು ಸ್ಪಷ್ಟ ಉಂಟು, ಕ್ಯಾನ್ಸಲ್ ಮಾಡಿದ್ರೂ ಸರಿ, ನೋ-ಶೋ, ಅಂದ್ರೆ ಕ್ಯಾನ್ಸಲ್ ಮಾಡದೆ ಫ್ಲೈಟಿಗೆ ಬಾರದೇ ಇದ್ರೂ ಸರಿ, ಈ ತೆರಿಗೆ ಮತ್ತೆ ಫೀ ವಾಪಸ್ ಕೊಡ್ಬೇಕು, ಪ್ರೋಮೋ ಟಿಕೆಟ್ ಆದ್ರೂ, ಬೇಸ್ ಫೇರ್ ನಾನ್ ರಿಫಂಡೆಬಲ್ ಆದ್ರೂ. ಕ್ಯಾನ್ಸಲೇಷನ್ ಚಾರ್ಜ್ ಬೇಸ್ ಫೇರ್ ಮತ್ತು ಫ್ಯೂಯಲ್ ಚಾರ್ಜ್ ಸೇರಿದ ಮೊತ್ತವನ್ನು ಮೀರ್ಲಿಕ್ಕಿಲ್ಲ, ರಿಫಂಡ್ ಮಾಡ್ಲಿಕ್ಕೆ ಏರ್‌ಲೈನ್ ಬೇರೆ ಫೀ ಹಾಕುವ ಹಾಗೂ ಇಲ್ಲ.

ಬೈಂದೂರು ಕಡೆಯ ಒಬ್ರು, ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಮನೆಯ ನಾಲ್ಕು ಜನಕ್ಕೆ ಮಂಗಳೂರಿಂದ ಮುಂಬೈಗೆ ಅವರೇ ಆ್ಯಪ್‌ನಲ್ಲಿ ಟಿಕೆಟ್ ಮಾಡಿದ್ರು. ಹಿಂದಿನ ರಾತ್ರಿ ಅಮ್ಮನಿಗೆ ಜೋರು ಹುಷಾರಿಲ್ಲದೆ ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ರು, ಟಿಕೆಟ್ ನೆನಪು ಯಾರಿಗೂ ಇಲ್ಲ, ಪಾಪ ಆ ಹೊತ್ತಲ್ಲಿ ಯಾರಿಗೆ ಇರ್ತದೆ. ಅಮ್ಮ ಮನೆಗೆ ಬಂದ ಮೇಲೆ ಬೇರೆ ಟಿಕೆಟ್ ಮಾಡ್ಸ್ಲಿಕ್ಕೆ ನನ್ನ ಹತ್ರ ಬಂದಾಗ ಹಳೆಯದ್ದೆಂತ ಮಾಡಿದ್ರಿ ಅಂತ ಕೇಳಿದೆ. "ಅದು ಹೋಯ್ತು ಮಾರಾಯ್ರೆ" ಅಂದ್ರು. ಫೋನ್‌ನಲ್ಲಿದ್ದ ಟಿಕೆಟ್ ತೆಗ್ಸಿ ಫೇರ್ ಬ್ರೇಕಪ್ ನೋಡಿದೆವು. ಕೆಲವು ಟಿಕೆಟ್‌ನಲ್ಲಿ ಪೂರ್ತಿ ಹೆಸರು ಇರುದಿಲ್ಲ, ಕೋಡ್ ಮಾತ್ರ: ಐಎನ್ ಅಂದ್ರೆ ಯುಡಿಎಫ್, ಪಿ2 ಅಂದ್ರೆ ಸೆಕ್ಯೂರಿಟಿ ಫೀ, ಕೆ3 ಜಿಎಸ್‌ಟಿ, ವೈಕ್ಯೂ ಅಂದ್ರೆ ಫ್ಯೂಯಲ್ ಅಥವಾ ಏರ್‌ಲೈನ್ ತಾನೇ ಹಾಕಿದ ಚಾರ್ಜ್, ಇದು ಬರುದಿಲ್ಲ. ಸೆಕ್ಯೂರಿಟಿ ಫೀ ಒಂದೇ ನಾಲ್ಕು ಜನಕ್ಕೆ 800, ಅದಕ್ಕೆ ಮಂಗಳೂರಿನ ಯುಡಿಎಫ್ ಸೇರಿದ್ರೆ ಸಾವಿರದ ಲೆಕ್ಕಕ್ಕೆ ಹೋಯ್ತು. ಬಿಡುವ ದುಡ್ಡಾ ಅದು?

ಜಿಎಸ್‌ಟಿ ವಿಷಯದಲ್ಲಿ ಜನ ನನ್ನ ಹತ್ರ ವಾದ ಮಾಡ್ತಾರೆ, ಅದೂ ಟ್ಯಾಕ್ಸೇ ಅಲ್ವಾ ಅಂತ. 2022ರಲ್ಲಿ ಬಂದ ಜಿಎಸ್‌ಟಿ ಸುತ್ತೋಲೆ ಪ್ರಕಾರ ಏರ್‌ಲೈನ್ ಮುಟ್ಟುಗೋಲು ಹಾಕಿದ ಟಿಕೆಟ್ ದುಡ್ಡಿಗೂ ಪ್ರಯಾಣದ ದರದಲ್ಲೇ ಜಿಎಸ್‌ಟಿ ಬೀಳ್ತದೆ, ಹಾಗಾಗಿ ಅವರು ಇಟ್ಕೊಂಡ ಬೇಸ್ ಫೇರ್ ಮೇಲಿನ ಜಿಎಸ್‌ಟಿಗೆ ಆಸೆ ಇಡ್ಬೇಡಿ. ಬುಕಿಂಗ್ ಆ್ಯಪ್‌ನ ಕನ್ವೀನಿಯೆನ್ಸ್ ಫೀ ಕೂಡ ಹೋದದ್ದೇ.

ಕೆಲವು ಏರ್‌ಲೈನ್ ವೆಬ್‌ಸೈಟ್‌ನಲ್ಲಿ ನೋ-ಶೋ ರಿಫಂಡಿಗೆ ಬೇರೆ ಫಾರ್ಮ್ ಇರ್ತದೆ, ಹೋಮ್ ಪೇಜಲ್ಲಿ ಕಾಣುದಿಲ್ಲ, ಹುಡುಕಬೇಕು. ಇವರದ್ದಕ್ಕೆ ಫಾರ್ಮ್ ಸಿಗ್ಲಿಲ್ಲ, ಅವರ ಮೇಲ್‌ನಿಂದಲೇ ಕಸ್ಟಮರ್ ಕೇರಿಗೆ ಬರೆಸಿದೆ: ಪಿಎನ್‌ಆರ್, ನಾಲ್ವರ ಹೆಸರು, ತಾರೀಕು, ಪ್ರಯಾಣ ಮಾಡಿಲ್ಲ ಅಂತ ಒಂದು ಸಾಲು, ಯುಡಿಎಫ್ ಸೆಕ್ಯೂರಿಟಿ ಫೀ ಎಷ್ಟೆಷ್ಟು ಅಂತ ಲೆಕ್ಕ. ಟಿಕೆಟ್ ನಾನ್ ರಿಫಂಡೆಬಲ್ ಅಂತ ರೆಡಿಮೇಡ್ ಉತ್ತರ ಬಂತು. ಅದೇ ಮೇಲ್‌ಗೆ ಬೇಸ್ ಫೇರ್ ಕೇಳ್ತಾ ಇಲ್ಲ, ಫೀ ಮಾತ್ರ ಕೇಳ್ತಾ ಇದ್ದೇವೆ, ಡಿಜಿಸಿಎ ನಿಯಮದಲ್ಲಿ ನೋ-ಶೋಗೂ ಇದು ಉಂಟು ಅಂತ ಬರೆದು ಏರ್‌ಲೈನ್‌ನಲ್ಲಿ ದೂರು ನೋಡುವ ನೋಡಲ್ ಆಫೀಸರಿಗೂ ಹಾಕಿಸಿದೆ, ಅವರ ಅಡ್ರೆಸ್ ವೆಬ್‌ಸೈಟ್‌ನಲ್ಲೇ ಇರ್ತದೆ. ಆಮೇಲೆ ಕೊಟ್ರು, ಬುಕ್ ಮಾಡಿದ ಕಾರ್ಡಿಗೇ ಬಂತು. ಅಲ್ಲಿಯೂ ಆಗದಿದ್ರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ಕಂಪ್ಲೇಂಟ್ ಹಾಕ್ಬಹುದು. ಏಜೆಂಟ್ ಹತ್ರ ಮಾಡ್ಸಿದ ಟಿಕೆಟ್ ಆದ್ರೆ ಏಜೆಂಟನ್ನೇ ಹಿಡೀರಿ, ಅದು ನಮ್ಮ ಕೆಲಸ.

ಇನ್ನು ಆ ಸೀಟು ಎಂತ ಆಗ್ತದೆ ಅಂತ ಕೇಳುವವರಿದ್ದಾರೆ. ಡೊಮೆಸ್ಟಿಕ್‌ನಲ್ಲಿ ಸಾಮಾನ್ಯವಾಗಿ 60 ನಿಮಿಷ ಮುಂಚೆ ಕೌಂಟರ್ ಬಂದ್, ಅಲ್ಲಿವರೆಗೆ ಚೆಕ್ ಇನ್ ಆಗದವರ ಸೀಟು ಕಾಯ್ತಾ ಇರುವವರಿಗೆ ಹೋಗ್ಬಹುದು, ಇಲ್ಲದಿದ್ರೆ ಖಾಲಿ ಹಾರ್ತದೆ. ಬ್ಯಾಗ್ ಕೊಟ್ಟು ಗೇಟಿಗೆ ಬಾರದಿದ್ರೆ ಮಾತ್ರ ದೊಡ್ಡ ರಾಮಾಯಣ, ಹೆಸರು ಕೂಗಿ ಕೂಗಿ ಕೊನೆಗೆ ವಿಮಾನದ ಹೊಟ್ಟೆಯೊಳಗಿಂದ ಆ ಬ್ಯಾಗ್ ಹುಡುಕಿ ಇಳಿಸ್ತಾರೆ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಬಾಂಬ್ ಇದ್ದದ್ದು ವಿಮಾನ ಹತ್ತದೇ ಉಳಿದವನ ಬ್ಯಾಗಲ್ಲಿ, 329 ಜನ ಹೋದ್ರು, ಹಾಗಾಗಿ ಲೇಟ್ ಆಯ್ತು ಅಂತ ಗೇಟ್ ಹುಡುಗರಿಗೆ ಬೈಯ್ಬೇಡಿ. ಹೇಗೂ ಕೆಲವರು ಬರುದಿಲ್ಲ ಅಂತ ಲೆಕ್ಕ ಹಾಕಿ ಇದ್ದ ಸೀಟಿಗಿಂತ ಜಾಸ್ತಿ ಮಾರುದೂ ಉಂಟು. ಎಲ್ಲರೂ ಬಂದು ನಿಮ್ಮನ್ನು ಒತ್ತಾಯದಲ್ಲಿ ಹತ್ತಿಸದೆ ಬಿಟ್ರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ಫ್ಲೈಟ್ ಕೊಡದಿದ್ರೆ ಪರಿಹಾರ ಉಂಟು, 24 ಗಂಟೆಯೊಳಗಿನ ಫ್ಲೈಟ್ ಆದ್ರೆ ಗರಿಷ್ಠ 10,000, ಅದಕ್ಕಿಂತ ತಡ ಆದ್ರೆ 20,000.

ದುಡ್ಡಿಗಿಂತ ಜಾಸ್ತಿ ಪೆಟ್ಟು ಬೀಳುದು ಒಂದೇ ಟಿಕೆಟ್‌ನಲ್ಲಿ ಎರಡು ಮೂರು ಫ್ಲೈಟ್ ಇರುವವರಿಗೆ. ಮಂಗಳೂರು-ಮುಂಬೈ-ಲಂಡನ್ ಟಿಕೆಟ್ ಇದ್ದ ಹುಡುಗ ಒಬ್ಬ ಫೋನ್ ಮಾಡಿ "ಅಣ್ಣಾ, ಮುಂಬೈಗೆ ಮತ್ಸ್ಯಗಂಧ ರೈಲಲ್ಲೇ ಹೋಗ್ತೇನೆ, ಮಾವನ ಮನೆಯಲ್ಲಿ ಒಂದಿನ ಇದ್ದು ಅಲ್ಲಿಂದ ಹತ್ತುದು" ಅಂದ. ಬೇಡವೇ ಬೇಡ ಅಂದೆ. ಮೊದಲ ಫ್ಲೈಟಲ್ಲಿ ನೋ-ಶೋ ಬಿದ್ರೆ ಇಂಥ ಟಿಕೆಟ್‌ನಲ್ಲಿ ಸಿಸ್ಟಮ್ ಮುಂದಿನದ್ದನ್ನೆಲ್ಲ ಕ್ಯಾನ್ಸಲ್ ಮಾಡ್ತದೆ, ವಾಪಸ್ ಬರುವ ಸೀಟೂ ಹೋಗ್ತದೆ, ಮುಂಬೈ ಕೌಂಟರಲ್ಲಿ ನಿಂತು ಅತ್ರೂ ಕೊಡುದಿಲ್ಲ. ಆ ದಿನವೇ ಏರ್‌ಲೈನ್‌ಗೆ ಹೇಳಿ ಮುಂಬೈಯಿಂದ ಶುರುವಾಗುವ ಹಾಗೆ ಟಿಕೆಟ್ ಬದಲಿಸಿ ರಿಇಶ್ಯೂ ಮಾಡ್ಸಿದೆ, ಚೇಂಜ್ ಫೀ ಮತ್ತೆ ಫೇರ್ ವ್ಯತ್ಯಾಸ ಕಟ್ಟಿದ, ಹೊಸ ಲಂಡನ್ ಟಿಕೆಟ್ ತಗೊಳ್ಳುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹೋಗುದಿಲ್ಲ ಅಂತ ಗೊತ್ತಾದ ಕೂಡ್ಲೇ ಆ್ಯಪ್ ತೆಗೆದು ಕ್ಯಾನ್ಸಲ್ ಒತ್ತಿ, ಡೊಮೆಸ್ಟಿಕ್‌ಗೆ ಹೆಚ್ಚಿನವರು ಎರಡು ಗಂಟೆ ಮುಂಚಿನವರೆಗೆ ಬಿಡ್ತಾರೆ, ಆಗ ಈ ಮೇಲ್ ಗೀಲ್ ಎಂತದೂ ಇಲ್ಲದೆ ಫೀ ತಾನಾಗಿ ಬರ್ತದೆ, ಟಿಕೆಟ್ ದುಬಾರಿಯದ್ದಾದ್ರೆ ಬೇಸ್ ಫೇರಲ್ಲೂ ಸ್ವಲ್ಪ ಉಳೀತದೆ. ಆಸ್ಪತ್ರೆಯಲ್ಲಿದ್ದು ಆಗುದಿಲ್ಲ ಅಂದ್ರೆ ಟಿಕೆಟ್ ಫೋಟೋ ನನಗೆ ವಾಟ್ಸಾಪ್ ಮಾಡಿ, ರಾತ್ರಿ ಎಷ್ಟೊತ್ತಿಗಾದ್ರೂ ತೊಂದ್ರೆ ಇಲ್ಲ ಅಂತ ನನ್ನ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದೇನೆ.