ಜಿಂಕೆಗೆ ಮೂಗು, ಟರ್ಕಿ ಕೋಳಿಗೆ ಕಣ್ಣು: ಅಮೆರಿಕದ ಬೇಟೆಗೆ ಕೋವಿ, ತೋಟಾ, ಉಡುಪು ಆರಿಸುವ ಬಗೆ

ನವೆಂಬರ್ ಹತ್ತಿರವಾಗುತ್ತಿದ್ದಂತೆ ವಿಸ್ಕಾನ್ಸಿನ್‌ನಲ್ಲಿರುವ ನನಗೆ ಪ್ರತಿವರ್ಷವೂ ಒಂದೆರಡು ಕರೆಗಳು ಬರುತ್ತವೆ. ಕರೆ ಮಾಡುವವರು ಹೆಚ್ಚಾಗಿ ಮಲೆನಾಡಿನವರು ಇಲ್ಲವೇ ಕೊಡಗಿನವರು. ಅಜ್ಜನ ಕಾಲದ ಕೇಪಿನ ಕೋವಿಯನ್ನೋ ಜೋಡುನಳಿಗೆಯನ್ನೋ ಗೋಡೆಯ ಮೇಲೆ ನೋಡುತ್ತ ಬೆಳೆದವರು, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದ್ದರಿಂದ ಶಿಕಾರಿಯನ್ನು ಹಿರಿಯರ ಬಾಯಲ್ಲಿ ಮಾತ್ರ ಕೇಳಿದವರು. “ಯಾವ ಕೋವಿ ತಗೊಳ್ಳಲಿ ಅಣ್ಣ?” ಎಂಬುದು ಎಲ್ಲರ ಮೊದಲ ಪ್ರಶ್ನೆ. ಕೋವಿಯಿಂದ ಆರಂಭಿಸಬೇಡಿ ಎಂಬುದೇ ನನ್ನ ಉತ್ತರ. ಯಾವ ಪ್ರಾಣಿ, ಎಂಥ ಕಾಡು, ಎಷ್ಟು ದೂರ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದಕ್ಕೆ ತಕ್ಕ ತೋಟಾವನ್ನು ಆಮೇಲೆ ಗೊತ್ತುಮಾಡಬೇಕು. ಆ ತೋಟಾವನ್ನು ನೀವು ಅಳುಕದೆ ಹಾರಿಸಬಲ್ಲ ಕೋವಿಯನ್ನು ಕೊನೆಗೆ ಕೊಳ್ಳಬೇಕು.

ಅದಕ್ಕೂ ಮುನ್ನ ಕಾನೂನಿನ ಮಾತು. ಎಚ್-1ಬಿ, ಎಫ್-1 ಮುಂತಾದ ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮೀರದ ಬೇಟೆ ಪರವಾನಗಿ ಕೈಯಲ್ಲಿರುವವರಿಗೆ ವಿನಾಯಿತಿ ಉಂಟು; ಆದರೆ ಪರವಾನಗಿಯ ಅವಧಿ ಮುಗಿದ ಮೇಲೂ ಕೋವಿ ಮನೆಯಲ್ಲಿ ಉಳಿದರೆ ಅದೇ ಅಪರಾಧವಾಗಿ, ವೀಸಾಕ್ಕೂ ಮುಂದೆ ಗ್ರೀನ್ ಕಾರ್ಡಿಗೂ ಕುತ್ತು ಬರಬಹುದು. ಗೆಳೆಯನ ಕೋವಿಯನ್ನು ಕೈಗೆ ತೆಗೆದುಕೊಂಡರೂ ಕಾನೂನಿನ ಕಣ್ಣಿನಲ್ಲಿ ಅದು ಹೊಂದಿದಂತೆಯೇ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗಿರುವ ವಿನಾಯಿತಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಆದ್ದರಿಂದ ವೀಸಾದಲ್ಲಿರುವವರು ಮೊದಲು ವಲಸೆ ವಕೀಲರನ್ನು ಕೇಳಿ, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಬೇಕು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಪರವಾನಗಿ ಪಡೆಯಲು ಬೇಟೆ ಸುರಕ್ಷತೆಯ ತರಬೇತಿಯನ್ನು ಮುಗಿಸಿರಬೇಕು. ತರಬೇತಿಗೆ ಮೊದಲೇ ಒಮ್ಮೆ ನೋಡಬೇಕೆನ್ನುವವರು ಅನುಭವಿಯೊಬ್ಬರ ಕೈಗೆಟಕುವ ದೂರದಲ್ಲಿ ಇದ್ದುಕೊಂಡು ಬೇಟೆಯಾಡುವ ವ್ಯವಸ್ಥೆಯೂ ಇದೆ.

ಈಗ ಜಿಂಕೆ. ಇಲ್ಲಿ ಜಿಂಕೆಯೆಂದರೆ ಬಿಳಿಬಾಲದ ಜಿಂಕೆ. ಪೂರ್ವದ ಮತ್ತು ಮಧ್ಯಪಶ್ಚಿಮದ ಕಾಡುಗಳಲ್ಲಿ ಅದು ನೂರು ಗಜಕ್ಕಿಂತ ದೂರದಲ್ಲಿ ಕಾಣಸಿಗುವುದೇ ಅಪರೂಪ. ಜೋಳದ ಹೊಲದ ಅಂಚಿನಲ್ಲಿ ಕುಳಿತರೆ ಇನ್ನೂರು ಗಜ ಆಗಬಹುದು. ಗುರಿಯಿಡಬೇಕಾದ ಜಾಗ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶಗಳಿರುವ ಸುಮಾರು ಎಂಟು ಅಂಗುಲದ ವೃತ್ತ. ಇಷ್ಟು ದೂರಕ್ಕೆ, ಇಷ್ಟು ಗುರಿಗೆ ಬೇಕಾದ ಶಕ್ತಿ ಸಾಧಾರಣ ತೋಟಾಗಳಲ್ಲೇ ಧಾರಾಳವಾಗಿದೆ. 1952ರಲ್ಲಿ ಬಂದ .308 ವಿಂಚೆಸ್ಟರ್‌ನ 150 ಗ್ರೇನ್ ಗುಂಡು, ಅಂದರೆ ಸುಮಾರು ಹತ್ತು ಗ್ರಾಂ ತೂಕದ್ದು, ಯಾವ ಬಿಳಿಬಾಲದ ಜಿಂಕೆಗೂ ಸಾಕು. 6.5 ಕ್ರೀಡ್‌ಮೋರ್ ಮತ್ತು 7ಎಂಎಂ-08 ರೆಮಿಂಗ್ಟನ್ ತೋಟಾಗಳು ಹಾರಿಸಿದಾಗ ಭುಜವನ್ನು ಇನ್ನೂ ಮೆತ್ತಗೆ ಒದೆಯುತ್ತವೆ. ಮೈಕಟ್ಟು ಸಣ್ಣದಿರುವವರಿಗೆ .243 ವಿಂಚೆಸ್ಟರ್ ಒಳ್ಳೆಯದು, ಅದರ ಒದೆತ .30-06 ಎಂಬ ಹಳೆಯ ತೋಟಾದ ಒದೆತದ ಸುಮಾರು ಅರ್ಧದಷ್ಟು, ಆದರೆ 95ರಿಂದ 100 ಗ್ರೇನ್ ತೂಕದ, ಜಿಂಕೆಗೆಂದೇ ಮಾಡಿದ ಗುಂಡನ್ನೇ ಕೊಳ್ಳಬೇಕು. ದಟ್ಟ ಕಾಡಿನಲ್ಲಿ ನಡೆದಾಡುವವರಿಗೆ 1895ರಷ್ಟು ಹಳೆಯದಾದ .30-30 ಇಂದಿಗೂ ಸರಿಹೊಂದುತ್ತದೆ.

ಒದೆತದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ರೈಫಲನ್ನು ಕೊಳ್ಳುವಾಗ ಅಂಗಡಿಯವರೊಬ್ಬರ ಮಾತು ಕೇಳಿ .300 ವಿಂಚೆಸ್ಟರ್ ಮ್ಯಾಗ್ನಂ ತಂದಿದ್ದೆ. ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಭುಜ ನೀಲಿಗಟ್ಟಿತು. ಐದನೆಯದನ್ನು ಹಾರಿಸುವಾಗ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆನೆಂಬುದು ನನಗೇ ತಿಳಿದಿರಲಿಲ್ಲ. ಆ ನವೆಂಬರ್‌ನಲ್ಲಿ ಎಪ್ಪತ್ತು ಗಜದಲ್ಲಿ ನಿಂತಿದ್ದ ಜಿಂಕೆಯ ಹೊಟ್ಟೆಗೆ ಗುಂಡು ತಗಲಿತು. ರಾತ್ರಿಯವರೆಗೂ ಹಿಮದ ಮೇಲೆ ರಕ್ತದ ಜಾಡು ಹಿಡಿದು ನಡೆದೆವು. ಸಿಕ್ಕಿದ್ದು ಮರುದಿನ ಬೆಳಗ್ಗೆ, ತೋಳಕ್ಕಿಂತ ಸಣ್ಣವಾದ ಕಯೋಟಿಗಳು ತಿಂದು ಮುಗಿಸಿದ ಮೇಲೆ. ಆ ಪ್ರಾಣಿ ಪಟ್ಟ ಪಾಡಿಗೆ ನನ್ನ ಆಯ್ಕೆಯೇ ಕಾರಣವಾಗಿತ್ತು. ನಿಮಗೆ ಈ ಅಳುಕು ಇದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಜೊತೆಗಾರರೊಬ್ಬರು ನಿಮಗೆ ಕಾಣದಂತೆ ಒಮ್ಮೆ ನಿಜವಾದ ತೋಟಾವನ್ನೂ ಒಮ್ಮೆ ಅಭ್ಯಾಸದ ಹುಸಿ ತೋಟಾವನ್ನೂ ತುಂಬಿಕೊಡಲಿ. ಹುಸಿ ತೋಟಾ ‘ಟಕ್’ ಎಂದಾಗ ನಳಿಗೆಯ ತುದಿ ಕೆಳಕ್ಕೆ ಜಗ್ಗಿದರೆ, ಕೋವಿ ನಿಮಗೆ ಹೆಚ್ಚಾಯಿತೆಂದೇ ಅರ್ಥ.

ರೈಫಲ್‌ಗಳಲ್ಲಿ ಹೊಸಬರಿಗೆ ಬೋಲ್ಟ್ ಆಕ್ಷನ್ನೇ ಮೇಲು: ಪ್ರತಿ ಸಲವೂ ಕೈಯಿಂದಲೇ ತೋಟಾ ಏರಿಸಬೇಕಾದ್ದರಿಂದ ಕೋವಿ ಯಾವ ಸ್ಥಿತಿಯಲ್ಲಿದೆ ಎಂಬುದು ಸದಾ ನೆನಪಿನಲ್ಲಿರುತ್ತದೆ, ಬೋಲ್ಟ್ ತೆರೆದಿಟ್ಟರೆ ಪಕ್ಕದವರಿಗೂ ಕಾಣುತ್ತದೆ. ಸ್ಯಾವೇಜ್ 110, ರೆಮಿಂಗ್ಟನ್ 700, ರೂಗರ್ ಅಮೆರಿಕನ್, ಟಿಕ್ಕಾ ಟಿ3 ಇವುಗಳಲ್ಲಿ ಯಾವುದಾದರೂ ಬೇಟೆಗಾರನ ನಿಶಾನೆಗಿಂತ ನಿಖರವಾಗಿಯೇ ಇರುತ್ತದೆ. ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದದ್ದು ಅಳತೆ. ಅಂಗಡಿಗೆ ಹೋಗುವಾಗ ಬೇಟೆಯ ದಿನ ತೊಡುವ ದಪ್ಪ ಕೋಟನ್ನೇ ತೊಟ್ಟುಕೊಂಡು ಹೋಗಿ. ಬೇಸಿಗೆಯ ಅಂಗಿಯಲ್ಲಿ ಸರಿಯೆನಿಸಿದ ಕೋವಿ ನವೆಂಬರ್‌ನ ಕೋಟಿನ ಮೇಲೆ ಉದ್ದವಾಗಿ, ಭುಜಕ್ಕೆ ಏರಿಸುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ.

ದೂರದರ್ಶಕಕ್ಕೆ 3ರಿಂದ 9 ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಗಾಜಿನ ಸ್ಕೋಪ್ ಸಾಕು. ಕಾಡಿನಲ್ಲಿ ಅದನ್ನು 3 ಅಥವಾ 4ರಲ್ಲೇ ಇಡಿ. ಮುಸ್ಸಂಜೆಯಲ್ಲಿ ಕಡಿಮೆ ಹಿಗ್ಗಿಸಿದಷ್ಟೂ ಬೆಳಕು ಹೆಚ್ಚು, ಕಾಣುವ ಹರಹೂ ಹೆಚ್ಚು. ಗುರಿ ಹೊಂದಿಸುವ ಕೆಲಸವನ್ನು 25 ಗಜದಲ್ಲಿ ಆರಂಭಿಸಿ, ಆಮೇಲೆ 100 ಗಜಕ್ಕೆ ಹೋಗಬೇಕು. ಬಹುಪಾಲು ಸ್ಕೋಪ್‌ಗಳಲ್ಲಿ ಗುಂಡಿಯ ಒಂದು ಕ್ಲಿಕ್ 100 ಗಜದಲ್ಲಿ ಕಾಲು ಅಂಗುಲಕ್ಕೆ ಸಮ. ಮೂರು ಗುಂಡುಗಳ ಗುಂಪು ನಡುಬಿಂದುವಿನಿಂದ ಮೂರು ಅಂಗುಲ ಕೆಳಗೆ, ಎರಡು ಅಂಗುಲ ಎಡಕ್ಕೆ ಬಿದ್ದಿದೆ ಎಂದುಕೊಳ್ಳಿ. .308ರ 150 ಗ್ರೇನ್ ಗುಂಡು 100 ಗಜದಲ್ಲಿ ಸುಮಾರು ಎರಡು ಅಂಗುಲ ಮೇಲೆ ಬಿದ್ದರೆ 200 ಗಜದಲ್ಲಿ ಹೆಚ್ಚುಕಡಿಮೆ ನಡುವಿಗೇ ಬೀಳುತ್ತದೆ. ಆದ್ದರಿಂದ ಮೂರಕ್ಕೆ ಎರಡು ಕೂಡಿಸಿ ಐದು ಅಂಗುಲ ಮೇಲಕ್ಕೆ, ಅಂದರೆ 20 ಕ್ಲಿಕ್, ಬಲಕ್ಕೆ 8 ಕ್ಲಿಕ್ ತಿರುಗಿಸಬೇಕು. ನಳಿಗೆ ತಣ್ಣಗಾಗಲು ಬಿಟ್ಟು ಮತ್ತೆ ಮೂರು ಹಾರಿಸಿ ನೋಡಬೇಕು. ಬೇಟೆಗೆ ಬಳಸುವ ತೋಟಾದಿಂದಲೇ ಇದನ್ನು ಮಾಡಬೇಕು, ಏಕೆಂದರೆ ಗುಂಡು ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ. ಕಿವಿಗೆ ಬಿರಡೆಯನ್ನೂ ಮೇಲಿಂದ ಕಿವಿಗವಚವನ್ನೂ ಹಾಕಿಕೊಳ್ಳದೆ ಒಂದು ಗುಂಡನ್ನೂ ಹಾರಿಸಬೇಡಿ. ಒಮ್ಮೆ ಹೋದ ಕಿವಿ ಮರಳುವುದಿಲ್ಲ.

ಎಲ್ಲ ರಾಜ್ಯಗಳಲ್ಲೂ ರೈಫಲ್‌ಗೆ ಒಂದೇ ನಿಯಮವಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ-ಆಟೊಮ್ಯಾಟಿಕ್, ಅಂದರೆ ಹಾರಿಸಿದೊಡನೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ರೈಫಲ್ ನಿಷಿದ್ಧ. ಒಹಾಯೊದಲ್ಲಿ, ಮಿಷಿಗನ್‌ನ ದಕ್ಷಿಣ ಭಾಗದಲ್ಲಿ ಕತ್ತು ಕಿರಿದಾಗದ, ನೇರ ಗೋಡೆಯ ತೋಟಾಗಳನ್ನು ಮಾತ್ರ ಒಪ್ಪುತ್ತಾರೆ; .350 ಲೆಜೆಂಡ್, .450 ಬುಶ್‌ಮಾಸ್ಟರ್ ಅಂಥವು. ಕೋವಿ ಕೊಳ್ಳುವ ಮುನ್ನ ಆ ವರ್ಷದ ನಿಯಮಪುಸ್ತಕವನ್ನು ಓದಲೇಬೇಕು.

ಸೀಸವೋ ತಾಮ್ರವೋ ಎಂಬ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. ಸೀಸದ ಗುಂಡು ಬಡಿದೊಡನೆ ಚೂರುಚೂರಾಗಿ, ಕಣ್ಣಿಗೆ ಕಾಣದ ಕಣಗಳು ಮಾಂಸದಲ್ಲಿ ಉಳಿಯುತ್ತವೆ. ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿಂದು ಹದ್ದುಗಳು ವಿಷವೇರಿ ಸಾಯುತ್ತವೆ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ಮಕ್ಕಳು ಉಣ್ಣುವ ಮಾಂಸವಾದ್ದರಿಂದ ನಾನು ತಾಮ್ರದ ಗುಂಡನ್ನೇ ಬಳಸುತ್ತೇನೆ. ತಾಮ್ರ ಸೀಸಕ್ಕಿಂತ ಹಗುರ, ಅರಳಲು ವೇಗ ಬೇಕು. ಹಾಗಾಗಿ ಒಂದು ಮೆಟ್ಟಿಲು ಕಡಿಮೆ ತೂಕದ ಗುಂಡನ್ನು ಆರಿಸಿಕೊಳ್ಳಿ.

ಟರ್ಕಿ ಕೋಳಿಯದು ಬೇರೆಯೇ ಲೋಕ. ವಿಸ್ಕಾನ್ಸಿನ್‌ನಲ್ಲಿ 1881ರ ಹೊತ್ತಿಗೆ ಅಳಿದೇ ಹೋಗಿದ್ದ ಈ ಹಕ್ಕಿಯನ್ನು 1976ರಲ್ಲಿ ಮಿಸೌರಿಯಿಂದ ತಂದು ವರ್ನನ್ ಕೌಂಟಿಯಲ್ಲಿ ಬಿಟ್ಟು ಮತ್ತೆ ಬೆಳೆಸಿದರು. ವಸಂತದಲ್ಲಿ ಗಂಡು ಹಕ್ಕಿಯನ್ನು ಹೆಣ್ಣಿನ ಕೂಗಿನಿಂದ ಕರೆದು, ನಲವತ್ತು ಗಜದೊಳಗೆ ಬಂದ ಮೇಲೆ ತಲೆ ಮತ್ತು ಕುತ್ತಿಗೆಗೆ ಚರೆ ಹಾರಿಸುವುದು ಪದ್ಧತಿ. ಇದಕ್ಕೆ ಬೇಕಾದದ್ದು ಶಾಟ್‌ಗನ್. ನಳಿಗೆಯ ಒಳಗಾತ್ರಕ್ಕೆ ಸರಿಯಾಗಿ ಎರಕ ಹೊಯ್ದ ಸೀಸದ ಗೋಲಿಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು 12 ಗೇಜ್. ಇಪ್ಪತ್ತು ತೂಗಿದರೆ 20 ಗೇಜ್. ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದು. ಮಾಸ್‌ಬರ್ಗ್ 500 ಅಥವಾ ರೆಮಿಂಗ್ಟನ್ 870ರಂಥ, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆಮುಂದೆ ಜಗ್ಗಿ ತೋಟಾ ಏರಿಸುವ ಪಂಪ್ ಕೋವಿಯೇ ಸಾಕು, ಮೂರು ಅಂಗುಲದ ತೋಟಾವೇ ಸಾಕು. ಮೂರೂವರೆ ಅಂಗುಲದ್ದು ಭುಜಕ್ಕೆ ಮಾಡುವ ಹಿಂಸೆ.

ಎರಡು ಅಪಾಯಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. 20 ಗೇಜ್‌ನ ತೋಟಾ ಕೈತಪ್ಪಿ 12 ಗೇಜ್ ಕೋವಿಗೆ ಬಿದ್ದರೆ ಅದು ಒಳಕ್ಕೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದುಕೊಂಡು ಹಿಂದೆ 12ರ ತೋಟಾ ತುಂಬಿ ಹಾರಿಸಿದರೆ ನಳಿಗೆ ಸಿಡಿದು ಕೈಯೇ ಹೋಗಬಹುದು. 20 ಗೇಜ್ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡೂ ಬಗೆಯ ತೋಟಾಗಳನ್ನು ಒಂದೇ ಜೇಬಿನಲ್ಲಿ ಇಡಲೇಬೇಡಿ. ಎರಡನೆಯದು ಉದ್ದಕ್ಕೆ ಸಂಬಂಧಿಸಿದ್ದು. ತೋಟಾದ ಮೇಲೆ ಬರೆದಿರುವುದು ಹಾರಿಸಿ ಬಾಯಿ ಬಿಚ್ಚಿದ ಮೇಲಿನ ಉದ್ದ. ಮಡಿಚಿದ ಸ್ಥಿತಿಯಲ್ಲಿ ಮೂರು ಅಂಗುಲದ್ದು ಎರಡೂಮುಕ್ಕಾಲು ಅಂಗುಲದ ಕೋವಿಗೂ ಹಿಡಿಸಿಬಿಡಬಹುದು, ಆದರೆ ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ. ಆದ್ದರಿಂದ ನಳಿಗೆಯ ಮೇಲೆ ಕೊರೆದಿರುವ ಅಳತೆಯನ್ನು ಓದಿಯೇ ತುಂಬಬೇಕು. ಚರೆ ಚೆದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸಲು ಟರ್ಕಿಗೆ ಹಾಕುವ ಬಿಗಿ ಚೋಕ್‌ನ ಮೂಲಕ, ಜಿಂಕೆಗೆ ಬಳಸುವ ಒಂಟಿ ದಪ್ಪ ಗುಂಡಾದ ಸ್ಲಗ್ ಹಾರಿಸುವುದೂ ಇಷ್ಟೇ ಅಪಾಯಕರ.

ಚರೆಯಲ್ಲಿ ಸೀಸದ 4, 5, 6ನೆಯ ಅಳತೆಗಳು ವಾಡಿಕೆಯವು. ಐದನೆಯದು ಔನ್ಸಿಗೆ ಸುಮಾರು 170 ಕಾಳು ಬರುತ್ತದೆ. ಸೀಸಕ್ಕಿಂತ ಬಹಳ ಸಾಂದ್ರವಾದ ಟಂಗ್‌ಸ್ಟನ್ ಚರೆಯಾದರೆ 9ನೆಯ ಅಳತೆಯ ಸಣ್ಣ ಕಾಳೂ ಆಳಕ್ಕಿಳಿಯುತ್ತದೆ, ಹಾಗಾಗಿ 20 ಗೇಜ್ ಕೂಡ 12ರ ಕೆಲಸ ಮಾಡುತ್ತದೆ. ಬೆಲೆ ಮಾತ್ರ ಬಲು ದುಬಾರಿ. ಯಾವುದನ್ನೇ ಕೊಳ್ಳಿ, ನಲವತ್ತು ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹಾರಿಸಿ, ಹತ್ತು ಅಂಗುಲದ ವೃತ್ತ ಎಳೆದು ತೂತುಗಳನ್ನು ಎಣಿಸಿ. ನೂರು ಇದ್ದರೆ ಆ ತೋಟಾವೂ ಆ ಚೋಕೂ ಹೊಂದಿಕೊಂಡವು. ಅರವತ್ತೇ ಇದ್ದರೆ ನಿಮ್ಮ ಮಿತಿ ಮೂವತ್ತು ಗಜ. ಹತ್ತು ಗಜದಲ್ಲೂ ಒಮ್ಮೆ ಹಾರಿಸಿ ನೋಡಿ. ಅಲ್ಲಿ ಚರೆಯೆಲ್ಲ ಮುಷ್ಟಿಯಗಲಕ್ಕೆ ಕೂಡಿರುವುದರಿಂದ, ಹತ್ತಿರ ಬಂದ ಹಕ್ಕಿ ತಪ್ಪಿಹೋಗುವುದೇ ಹೆಚ್ಚು.

ಉಡುಪಿನ ಆಯ್ಕೆಗೆ ಒಂದೇ ಸೂತ್ರ: ಜಿಂಕೆ ಮೂಗಿನಿಂದ ಬದುಕುತ್ತದೆ, ಟರ್ಕಿ ಕಣ್ಣಿನಿಂದ. ಜಿಂಕೆಯ ಕಣ್ಣಿಗೆ ಕಿತ್ತಳೆ ಮಂಕಾಗಿ ಕಾಣುತ್ತದೆ, ನೀಲಿ ಎದ್ದು ಕಾಣುತ್ತದೆ. ಆದ್ದರಿಂದ ಜೀನ್ಸ್ ಬಿಟ್ಟು, ಕಾನೂನು ಕೇಳುವ ಕಿತ್ತಳೆಯನ್ನು ನಿಶ್ಚಿಂತೆಯಿಂದ ತೊಡಬಹುದು. ವಿಸ್ಕಾನ್ಸಿನ್‌ನಲ್ಲಿ ಕೋವಿ ಜಿಂಕೆ ಬೇಟೆಯ ಕಾಲಕ್ಕೆ ಸೊಂಟದ ಮೇಲಿನ ಹೊರ ಉಡುಪಿನ ಅರ್ಧಭಾಗ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಾಗಿರಬೇಕು. ಮರೆಮಾಚುವ ದುಬಾರಿ ಬಟ್ಟೆಗಿಂತ ಗಾಳಿಯ ದಿಕ್ಕು ತೋರಿಸುವ ಒಂದು ಚಿಟಿಕೆ ಪುಡಿ ಹೆಚ್ಚು ಉಪಯುಕ್ತ. ಟರ್ಕಿಗಾದರೋ ಮೂಗು ಮಂದ, ಕಣ್ಣು ಬಹಳ ಚುರುಕು, ಬಣ್ಣಗಳೂ ಕಾಣುತ್ತವೆ. ಮುಖ, ಕೈ ಎಲ್ಲವನ್ನೂ ಮುಚ್ಚಬೇಕು. ಆದರೆ ಕೆಂಪು, ಬಿಳಿ, ನೀಲಿ ಬಣ್ಣದ ಒಂದು ಕರವಸ್ತ್ರವೂ ಹೊರಗೆ ಕಾಣಬಾರದು. ಗಂಡು ಟರ್ಕಿಯ ತಲೆಯ ಬಣ್ಣಗಳೇ ಅವು, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿಯೆಂದು ಬಗೆಯಬಹುದು. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳಿ, ಮತ್ತು ಕೂಗು ಕೇಳಿದ ಕಡೆಗೆ ಹೊಂಚುತ್ತ ಹೋಗಬೇಡಿ. ಕೂಗುತ್ತಿರುವುದು ಮನುಷ್ಯನೂ ಆಗಿರಬಹುದು.

ನಮ್ಮ ಕಡೆ ಮರಸು ಕೂರುವಂತೆ ಇಲ್ಲಿಯೂ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುತ್ತಾರೆ. ಬೀಳುವುದರಿಂದ ಆಗುವ ಗಾಯಗಳು ಬಹಳ, ಹಾಗಾಗಿ ನೆಲ ಬಿಡುವ ಕ್ಷಣದಿಂದಲೇ ಮೈತುಂಬ ಬಿಗಿಯುವ ಹಾರ್ನೆಸ್ ಹಗ್ಗಕ್ಕೆ ಸೇರಿರಬೇಕು; ಕೋವಿಯನ್ನು ಖಾಲಿ ಮಾಡಿ, ನೀವು ಹತ್ತಿ ಕುಳಿತ ಮೇಲೆ ದಾರದಿಂದ ಎಳೆದುಕೊಳ್ಳಬೇಕು. ಮಂಗನ ಕಾಯಿಲೆಯ ಊರಿನಿಂದ ಬಂದವರಿಗೆ ಉಣುಗಿನ ಭಯವನ್ನು ಹೇಳಿಕೊಡಬೇಕಿಲ್ಲ. ಇಲ್ಲಿನ ಉಣುಗು ತರುವುದು ಲೈಮ್ ರೋಗ. ಬಟ್ಟೆಗೆ, ಬಟ್ಟೆಗೆ ಮಾತ್ರ, ಅರ್ಧ ಪ್ರತಿಶತದ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿ ತೊಟ್ಟುಕೊಳ್ಳಿ, ಮನೆಗೆ ಬಂದೊಡನೆ ಮೈಯೆಲ್ಲ ನೋಡಿಕೊಳ್ಳಿ.

ಚೀಲದಲ್ಲಿ ಮೂರು-ನಾಲ್ಕು ಅಂಗುಲದ ಅಲಗಿನ ಹರಿತವಾದ ಚೂರಿ, ರಬ್ಬರ್ ಕೈಗವಸು, ಹಗ್ಗ, ತಲೆಗೆ ಕಟ್ಟುವ ದೀಪ ಇದ್ದರೆ ಸಾಕು. ಕೈಗವಸನ್ನು ಮರೆಯಬಾರದು: ವಿಸ್ಕಾನ್ಸಿನ್‌ನಲ್ಲಿ 2002ರಿಂದ ಜಿಂಕೆಗಳ ಮಿದುಳನ್ನು ಸವೆಸುವ ಸಿಡಬ್ಲ್ಯೂಡಿ ರೋಗವಿದೆ, ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಬೇಯಿಸಿದರೂ ನಾಶವಾಗುವುದಿಲ್ಲ. ರೋಗವಿರುವ ಕಡೆ ಹೊಡೆದ ಜಿಂಕೆಯ ಮಾದರಿಯನ್ನು ಪರೀಕ್ಷೆಗೆ ಕೊಟ್ಟು, ಮಾಂಸವನ್ನು ಬೇರೆ ಮಾಂಸದೊಂದಿಗೆ ಬೆರೆಸದೆ, ದಿನಾಂಕ ಬರೆದ ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟು, ಫಲಿತಾಂಶ ಬಂದ ಮೇಲೆಯೇ ಒಲೆಯ ಮೇಲಿಡಬೇಕು.